ವಿದೇಶದ ಓದು: ಫೀಸು ಕೇಳುವ ಮೊದಲು ಗಂಟೆಗಳ ಲೆಕ್ಕ ಹಾಕಿ

ಬ್ರಿಟನ್ನಿನಲ್ಲಿ ಒಂದು ವರ್ಷದ ಮಾಸ್ಟರ್ಸ್ ಕೋರ್ಸ್ ಅಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 10 ಗಂಟೆ ಓದು ಅಂತ ಅಲ್ಲಿನ ಲೆಕ್ಕ. ಒಟ್ಟು 1,800 ಗಂಟೆ. ಕ್ರಿಸ್‌ಮಸ್, ಈಸ್ಟರ್ ರಜೆ ಕಳೆದು ಉಳಿಯುವ ಸುಮಾರು 45 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ಇದರಲ್ಲಿ ಕ್ಲಾಸಿನಲ್ಲಿ ಕೂರುವುದು ಸ್ವಲ್ಪವೇ. ಅನೇಕ ಕೋರ್ಸ್‌ಗಳಲ್ಲಿ ಹತ್ತು ಹನ್ನೆರಡು ಗಂಟೆ ಅಷ್ಟೇ. ಉಳಿದದ್ದನ್ನು ಒಬ್ಬರೇ ಕೂತು ಓದಬೇಕು, ಬರೆಯಬೇಕು. ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅದನ್ನು ಪೂರ್ತಿ ಬಳಸಿಕೊಂಡರೆ ವಾರಕ್ಕೆ 60 ಗಂಟೆ ಆಯಿತು. ಅಡುಗೆ, ಬಟ್ಟೆ ಒಗೆಯುವುದು, ಬಸ್ಸಿನ ಓಡಾಟ, ಮುಂದಿನ ಕೆಲಸಕ್ಕೆ ಅರ್ಜಿ ಹಾಕುವುದು ಇನ್ನೂ ಇದರಲ್ಲಿ ಸೇರಿಲ್ಲ.

ವಿದೇಶಕ್ಕೆ ಓದಲು ಹೊರಟವರು ಫೀಸು ವಿಚಾರಿಸುತ್ತಾರೆ, ರ‍್ಯಾಂಕಿಂಗ್ ನೋಡುತ್ತಾರೆ, ಚಳಿ ಎಷ್ಟಿರುತ್ತದೆ ಅಂತಲೂ ಕೇಳುತ್ತಾರೆ. ಈ ಗಂಟೆಗಳ ಲೆಕ್ಕ ಹಾಕುವವರು ಮಾತ್ರ ಕಡಿಮೆ. ಅಲ್ಲಿನ ದಿನಗಳು ಹೇಗೆ ಕಳೆಯುತ್ತವೆ ಅನ್ನುವುದು ಬಹುಪಾಲು ನಿಂತಿರುವುದು ಇದರ ಮೇಲೆಯೇ. ಸ್ನೇಹಿತರಾಗುತ್ತಾರಾ, ಲೈಬ್ರರಿಯಲ್ಲಿ ನೆಮ್ಮದಿಯಾಗಿ ಕೂತು ಓದಲು ಆಗುತ್ತದಾ, ಪ್ರೊಫೆಸರ್ ಜೊತೆ ಮಾತಾಡಲು ಪುರುಸೊತ್ತು ಸಿಗುತ್ತದಾ, ಊರು ನೋಡಲು ಆಗುತ್ತದಾ, ಎಲ್ಲಕ್ಕೂ ಬೇಕಾಗಿರುವುದು ಟೈಮು. ಅದು ವಿದ್ಯಾರ್ಥಿಯ ಕೈಯಲ್ಲಿ ಇರುವುದು ಅಷ್ಟಕ್ಕಷ್ಟೇ. ಕೋರ್ಸ್ ಎಷ್ಟು ಉದ್ದ, ವೀಸಾ ನಿಯಮ ಏನು, ಬಾಡಿಗೆ ಎಷ್ಟು ಅನ್ನುವ ಮೂರು ಸೇರಿ ಆ ಟೈಮನ್ನು ವಿಮಾನ ಹತ್ತುವ ಮೊದಲೇ ಹಂಚಿಬಿಟ್ಟಿರುತ್ತವೆ.

ಇಪ್ಪತ್ತು ಗಂಟೆಯ ಕೆಲಸ

ಕೆಲಸದ ಗಂಟೆಗೆ ಒಂದೊಂದು ದೇಶ ಒಂದೊಂದು ಮಿತಿ ಇಟ್ಟಿದೆ. ಬ್ರಿಟನ್ನಿನಲ್ಲಿ ಡಿಗ್ರಿ ಮಟ್ಟದ ಓದಿಗೆ ವಾರಕ್ಕೆ 20 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ಅಮೆರಿಕ ಇನ್ನೂ ಬಿಗಿ. ಮೊದಲ ವರ್ಷ ಕ್ಯಾಂಪಸ್ ಒಳಗೆ ಮಾತ್ರ, ಅದೂ ಕ್ಲಾಸ್ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ. ಲೈಬ್ರರಿ ಕೌಂಟರಿನಲ್ಲೋ ಡೈನಿಂಗ್ ಹಾಲಿನಲ್ಲೋ ಜಾಗ ಸಿಕ್ಕಿದರೆ ಪುಣ್ಯ.

ಎಡವುವುದು ಹೆಚ್ಚಾಗಿ ಸಣ್ಣ ವಿವರಗಳಲ್ಲಿ. ಬ್ರಿಟನ್ನಿನ ನಿಯಮದಲ್ಲಿ ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 25 ಗಂಟೆ ಮಾಡಿದೆ, ಮುಂದಿನ ವಾರ 15 ಮಾಡುತ್ತೇನೆ, ಸರಾಸರಿ 20 ಆಯಿತಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ. ಶನಿವಾರ ಸಂಜೆ ಅಂಗಡಿಯ ಮ್ಯಾನೇಜರ್ ಫೋನ್ ಮಾಡುತ್ತಾರೆ: ‘ಒಬ್ಬರು ಬಂದಿಲ್ಲ, ನಾಳೆ ನೀನು ಬರ್ತೀಯಾ?’ ಆ ವಾರ ಆಗಲೇ 18 ಗಂಟೆ ಮುಗಿದಿದೆ. ನಾಳೆಯ ಶಿಫ್ಟ್ ಆರು ಗಂಟೆ. ಇಲ್ಲ ಅಂದರೆ ಮುಂದಿನ ವಾರದ ಪಟ್ಟಿಯಲ್ಲಿ ಹೆಸರು ಇರುತ್ತದೋ ಇಲ್ಲವೋ. ಹೂಂ ಅಂದರೆ ವೀಸಾ ನಿಯಮ ಮುರಿದ ಹಾಗೆ. ಇಂಥ ಭಾನುವಾರಗಳು ಎಲ್ಲರಿಗೂ ಬರುತ್ತವೆ. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದಾಗಲೇ ಬರುತ್ತವೆ.

ಇನ್ನೊಂದು ಬೇಸಿಗೆಯದ್ದು. ಡಿಗ್ರಿ ಓದುವವರಿಗೆ ಬೇಸಿಗೆ ಅಂದರೆ ರಜೆ, ಆಗ ಪೂರ್ತಿ ಹೊತ್ತು ಕೆಲಸ ಮಾಡಬಹುದು. ಒಂದು ವರ್ಷದ ಮಾಸ್ಟರ್ಸ್ ಓದುವವರಿಗೆ ಸಾಮಾನ್ಯವಾಗಿ ಆ ರಜೆಯೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಸರ್ಟೇಶನ್, ಅಂದರೆ ಕೋರ್ಸಿನ ಕೊನೆಯ ದೊಡ್ಡ ಪ್ರಬಂಧ, ಬರೆಯುವ ಕಾಲ, ಅದೂ ಕೋರ್ಸಿನ ಭಾಗವೇ. ಕ್ಯಾಂಪಸ್ ಖಾಲಿ ಇರುತ್ತದೆ, ಕ್ಲಾಸ್ ಇರುವುದಿಲ್ಲ, ಆದರೂ 20 ಗಂಟೆಯ ಮಿತಿ ಹಾಗೇ ಇರುತ್ತದೆ. ಬೇಸಿಗೆಯಲ್ಲಿ ದುಡಿದು ಸಾಲ ತೀರಿಸುತ್ತೇನೆ ಅಂತ ಪ್ಲ್ಯಾನ್ ಹಾಕಿಕೊಂಡವರಿಗೆ ಇದು ಗೊತ್ತಾಗುವುದು ಮೇ ತಿಂಗಳಲ್ಲಿ.

ಅಷ್ಟಕ್ಕೂ ಈ 20 ಗಂಟೆ ದುಡಿದರೆ ಎಷ್ಟು ಸಿಗುತ್ತದೆ? 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕನಿಷ್ಠ ಕೂಲಿ, 21 ವರ್ಷ ತುಂಬಿದವರಿಗೆ, ಗಂಟೆಗೆ 12.21 ಪೌಂಡ್ ಆಯಿತು. ವಾರಕ್ಕೆ 244 ಪೌಂಡ್, ತಿಂಗಳಿಗೆ ಸುಮಾರು 1,050. ಅದೇ ವರ್ಷದ ನವೆಂಬರ್‌ನಿಂದ ಲಂಡನ್ನಿನಲ್ಲಿ ಓದುವವರು ತಿಂಗಳ ಖರ್ಚಿಗೆ 1,529 ಪೌಂಡ್ ಇದೆ ಅಂತ ವೀಸಾಗೆ ತೋರಿಸಬೇಕು. ಅಂದರೆ ತಿಂಗಳಿಗೆ ಇಷ್ಟು ಬೇಕು ಅಂತ ಸರ್ಕಾರವೇ ಹೇಳುತ್ತದೆ, ಅದೇ ಸರ್ಕಾರ ಬಿಡುವ ಗಂಟೆಗಳಲ್ಲಿ ಕನಿಷ್ಠ ಕೂಲಿಗೆ ದುಡಿದರೆ ಅದರ ಮೂರನೇ ಎರಡು ಭಾಗ ಮಾತ್ರ ಕೈಗೆ ಬರುತ್ತದೆ. ಫೀಸಿನ ಮಾತು ಇಲ್ಲಿ ಬರುವುದೇ ಇಲ್ಲ. ಪಾರ್ಟ್‌ಟೈಮ್ ಕೆಲಸದಲ್ಲಿ ಎಲ್ಲ ಖರ್ಚೂ ಸರಿದೂಗುತ್ತದೆ ಅಂತ ಯಾರಾದರೂ ಏಜೆಂಟ್ ಹೇಳಿದರೆ ಕ್ಯಾಲ್ಕುಲೇಟರ್ ತೆಗೆಯಿರಿ. ಜಗಳ ಮಾಡುವ ಅಗತ್ಯವೇ ಇರುವುದಿಲ್ಲ.

ಈ ಮಿತಿಗಳು ನಿಂತಲ್ಲಿ ನಿಲ್ಲುವುದೂ ಇಲ್ಲ. ಕೆನಡಾ 2022ರ ನವೆಂಬರ್‌ನಲ್ಲಿ ಕೆಲಸದ ಗಂಟೆಯ ಮಿತಿಯನ್ನೇ ತಾತ್ಕಾಲಿಕವಾಗಿ ತೆಗೆದುಹಾಕಿತು. ಆಗ ದುಡಿಯುವ ಕೈಗಳು ಸಾಲದಾಗಿದ್ದವು. 2024ರ ಏಪ್ರಿಲ್ ಕೊನೆಗೆ ಆ ವಿನಾಯಿತಿ ಮುಗಿಯಿತು. ಅಷ್ಟರಲ್ಲಿ ಮನೆಗಳ ಕೊರತೆ ದೊಡ್ಡ ರಾಜಕೀಯ ವಿಷಯವಾಗಿತ್ತು. 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗೆ ಮಿತಿ ಬಂತು: ಆ ವರ್ಷಕ್ಕೆ ಸುಮಾರು 3,60,000, ಹಿಂದಿನ ವರ್ಷಕ್ಕಿಂತ 35 ಪ್ರತಿಶತ ಕಡಿಮೆ. ಕೈಯಲ್ಲಿ ತೋರಿಸಬೇಕಾದ ಹಣ 10,000 ಕೆನಡಿಯನ್ ಡಾಲರ್ ಇದ್ದದ್ದು ಒಂದೇ ಸಲಕ್ಕೆ 20,635 ಆಯಿತು. ಇದೆಲ್ಲ ಆದದ್ದು ಎರಡು ವರ್ಷದ ಒಳಗೆ. 2022ರ ಕೊನೆಯಲ್ಲಿ ಬಂದ ವಿದ್ಯಾರ್ಥಿ ಒಂದೇ ಕೋರ್ಸಿನಲ್ಲಿ ಎರಡು ಬೇರೆ ಬೇರೆ ಕೆನಡಾ ನೋಡಿದ.

ಕ್ಲಾಸಿನಲ್ಲಿ ಪಕ್ಕ ಕೂರುವವರು ಯಾರು

ವಿದೇಶಿ ವಿದ್ಯಾರ್ಥಿಗಳು ಅಲ್ಲಿನವರ ಜೊತೆ ಬೆರೆಯುವುದಿಲ್ಲ, ತಮ್ಮವರ ಜೊತೆಯೇ ಗುಂಪು ಕಟ್ಟಿಕೊಳ್ಳುತ್ತಾರೆ ಅನ್ನುವ ದೂರು ಎಲ್ಲ ಕಡೆ ಇದೆ. ಸಂಕೋಚದ ಮೇಲೆ, ಭಾಷೆಯ ಮೇಲೆ ತಪ್ಪು ಹಾಕಿ ಮುಗಿಸಿಬಿಡುತ್ತಾರೆ. ನನಗೆ ಇದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಉಳಿದರ್ಧ ಯೂನಿವರ್ಸಿಟಿಗಳ ಜಮಾಖರ್ಚಿನಲ್ಲಿದೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಡಿಗ್ರಿ ವಿದ್ಯಾರ್ಥಿಗಳ ಫೀಸಿಗೆ ಸರ್ಕಾರದ ಮಿತಿ ಇದೆ. 2017ರಲ್ಲಿ ಅದು 9,250 ಪೌಂಡ್ ಆಯಿತು, 2025ರವರೆಗೆ ಅಲ್ಲೇ ಇತ್ತು, ಆಮೇಲೆ 9,535 ಆಯಿತು. ಎಂಟು ವರ್ಷದಲ್ಲಿ ಬೆಲೆಗಳೆಲ್ಲ ಏರಿದವು, ಈ ಫೀಸು ಏರಲಿಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯ 2019ರಲ್ಲಿ ಸ್ಥಳೀಯರ ಫೀಸನ್ನು 10 ಪ್ರತಿಶತ ಇಳಿಸಿ, ಹಾಗೇ ತಡೆಹಿಡಿಯಿತು. ವಿದೇಶಿ ವಿದ್ಯಾರ್ಥಿಗಳ ಫೀಸಿಗೆ ಇಂಥ ಮಿತಿ ಇಲ್ಲ. ಹಾಗಾಗಿ ಕಾಲೇಜುಗಳು ಹಣದ ಕೊರತೆಯನ್ನು ಅಲ್ಲಿ ತುಂಬಿಸಿಕೊಂಡವು. ಡೇಟಾ ಸೈನ್ಸ್, ಮ್ಯಾನೇಜ್‌ಮೆಂಟ್, ಫೈನಾನ್ಸ್ ಮಾಸ್ಟರ್ಸ್ ಸೀಟುಗಳು ಜಾಸ್ತಿಯಾದವು. ಇಂಥ ಎಷ್ಟೋ ಕ್ಲಾಸುಗಳಲ್ಲಿ ಕೂತವರಲ್ಲಿ ಹೆಚ್ಚಿನವರು ಹೊರದೇಶದವರೇ. ಸ್ಥಳೀಯ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿಕೊಂಡಿರುತ್ತಾರೆ. ಪಕ್ಕದ ಸೀಟಿನಲ್ಲಿ ಇಲ್ಲದವರ ಜೊತೆ ಬೆರೆಯುವುದು ಹೇಗೆ, ಅಲ್ವಾ?

ಹವಾಯಿಯಲ್ಲಿ ಸ್ಟೀಫನ್ ಬೋಕ್ನರ್ ಮತ್ತು ಜೊತೆಗಾರರು 1977ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿದೇಶಿ ವಿದ್ಯಾರ್ಥಿಗಳ ಸ್ನೇಹವನ್ನು ಅವರು ಮೂರು ಬಗೆಯಾಗಿ ನೋಡಿದರು. ತಮ್ಮ ದೇಶದವರ ಜೊತೆಗಿನದ್ದು ಮನಸ್ಸಿಗೆ ಆಸರೆ, ಮನೆಯ ಮಾತು, ಹಬ್ಬ. ಸ್ಥಳೀಯರ ಜೊತೆಗಿನದ್ದು ಬಹಳ ಸಲ ಕೆಲಸದ ಮಟ್ಟಿಗೆ: ಓದಿಗೆ, ಫಾರ್ಮ್ ತುಂಬಲು, ಅಲ್ಲಿನ ರೀತಿ ತಿಳಿಯಲು. ಮೂರನೆಯದು ಬೇರೆ ಬೇರೆ ದೇಶಗಳಿಂದ ಬಂದ ಇತರ ವಿದೇಶಿ ವಿದ್ಯಾರ್ಥಿಗಳ ಜೊತೆಗಿನದ್ದು, ಹೊತ್ತು ಕಳೆಯಲು, ಸುತ್ತಾಡಲು. ಈ ಮೂರೂ ಬೇರೆ ಬೇರೆ ಅಗತ್ಯ ಪೂರೈಸುತ್ತವೆ. ತಮ್ಮವರ ಜೊತೆ ಇರುವುದು ತಪ್ಪು ಅಂತ ಇದರಲ್ಲಿ ಎಲ್ಲೂ ಇಲ್ಲ. ಮೊದಲ ತಿಂಗಳಲ್ಲಿ ಜ್ವರ ಬಂದರೆ ಬಾಗಿಲು ತಟ್ಟುವುದು ಅವರೇ. ಕಷ್ಟವಾಗುವುದು ಎರಡನೆಯ ಬಗೆಯ ಸ್ನೇಹ ಪೂರ್ತಿ ಇಲ್ಲದಾಗ. ಬಾಡಿಗೆ ಕರಾರಿನಲ್ಲಿ ಯಾವ ಸಾಲು ಮೋಸ, ಯಾವ ಪ್ರೊಫೆಸರ್‌ಗೆ ಹೆಸರು ಹಿಡಿದು ಕರೆಯಬಹುದು, ಯಾವ ಇಮೇಲ್‌ಗೆ ಉತ್ತರ ಕೊಡಲೇಬೇಕು ಅನ್ನುವುದೆಲ್ಲ ಸ್ಥಳೀಯರಿಗೆ ಗೊತ್ತಿರುತ್ತದೆ. ಕ್ಲಾಸಿನಲ್ಲಿ ಅವರು ಸಿಗದಿದ್ದರೆ ಕ್ಲಬ್ಬಿನಲ್ಲಿ, ಆಟದ ತಂಡದಲ್ಲಿ, ಸ್ವಯಂಸೇವೆಯಲ್ಲಿ ಸಿಗಬೇಕು. ಅದಕ್ಕೆ ವಾರದಲ್ಲಿ ಒಂದು ಸಂಜೆ ಖಾಲಿ ಬೇಕು. 60 ಗಂಟೆಯ ವಾರದಲ್ಲಿ ಮೊದಲು ಕೈಬಿಡುವುದು ಆ ಸಂಜೆಯನ್ನೇ.

ಹೊಂದಿಕೊಳ್ಳುವ ವಿಷಯದಲ್ಲಿ ಇನ್ನೊಂದು ಹಳೆಯ ಮಾತಿದೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್‌ಗೋರ್ ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಬರೆದರು: ಮೊದಲ ಆರು ತಿಂಗಳು ಚೆನ್ನಾಗಿರುತ್ತದೆ, ಆರರಿಂದ 18 ತಿಂಗಳ ನಡುವೆ ಮನಸ್ಸು ಕುಸಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ವಿದ್ಯಾರ್ಥಿಗಳಿಗೆ ಕೊಡುವ ಓರಿಯೆಂಟೇಶನ್ ಸ್ಲೈಡುಗಳಲ್ಲಿ ಈ ಬಾಗಿದ ಗೆರೆ ಇವತ್ತಿಗೂ ಕಾಣಿಸುತ್ತದೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡಿನಲ್ಲಿ ಓದುತ್ತಿದ್ದ ಜಪಾನಿ ವಿದ್ಯಾರ್ಥಿಗಳನ್ನು ಬಂದ ದಿನದಿಂದ ವರ್ಷದವರೆಗೆ ಗಮನಿಸಿದರು. ಅವರಿಗೆ ಸಿಕ್ಕಿದ್ದು ಬೇರೆಯೇ. ಕಷ್ಟ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಬಂದ ಹೊಸದರಲ್ಲಿ.

ಯಾವುದು ಸರಿ ಅನ್ನುವ ವಾದ ಇರಲಿ. ಎರಡನ್ನೂ ಒಂದು ವರ್ಷದ ಕೋರ್ಸಿನ ಪಕ್ಕ ಇಟ್ಟು ನೋಡಿ. ಲಿಸ್‌ಗೋರ್ ಸರಿಯಾಗಿದ್ದರೆ ಕೋರ್ಸ್ ಮುಗಿಯುವುದು ಮನಸ್ಸು ಕುಸಿದ ಹೊತ್ತಿನಲ್ಲಿ, ಮೇಲೇಳುವ ಭಾಗ ಬರುವುದೇ ಇಲ್ಲ. ವಾರ್ಡ್ ಸರಿಯಾಗಿದ್ದರೆ ಅತಿ ಕಷ್ಟದ ವಾರಗಳಲ್ಲೇ ಮೊದಲ ಅಸೈನ್‌ಮೆಂಟ್‌ಗಳು, ಮನೆ ಹುಡುಕಾಟ, ಕೆಲಸದ ಅರ್ಜಿ ಎಲ್ಲ ಒಟ್ಟಿಗೆ ಬೀಳುತ್ತವೆ. ಎರಡು ವರ್ಷದ ಕೋರ್ಸಿನಲ್ಲಿ ಕಷ್ಟ ಕಡಿಮೆ ಅಂತ ಹೇಳುತ್ತಿಲ್ಲ. ಸುಧಾರಿಸಿಕೊಳ್ಳಲು ಜಾಗ ಇರುತ್ತದೆ.

ಮನೆಯ ವಿಷಯ ಒಂದೇ ಉದಾಹರಣೆಯಲ್ಲಿ ಹೇಳಿಬಿಡುತ್ತೇನೆ. ಜರ್ಮನಿಗೆ ಹೋದವರು ಮನೆಗೆ ಸೇರಿದ ಎರಡು ವಾರದಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ನೋಂದಣಿ ಆದ ಮೇಲೆ ತೆರಿಗೆ ಸಂಖ್ಯೆ ಮನೆಗೇ ಬರುತ್ತದೆ. ಆ ಸಂಖ್ಯೆಯನ್ನು ಕೆಲಸ ಕೊಡುವವರು ಕೇಳುತ್ತಾರೆ. ಸ್ನೇಹಿತನ ರೂಮಿನಲ್ಲಿ ನೆಲದ ಮೇಲೆ ಮಲಗಿಕೊಂಡು ಹಾಸ್ಟೆಲ್ ಸರದಿಗೆ ಕಾಯುತ್ತಿರುವವನಿಗೆ ಮೊದಲ ಪತ್ರವೇ ಸಿಗುವುದಿಲ್ಲ, ಹಾಗಾಗಿ ಮುಂದಿನದು ಯಾವುದೂ ಸಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಂತೂ ಕೆಲವು ಯೂನಿವರ್ಸಿಟಿಗಳು, ಮನೆ ಸಿಗದಿದ್ದರೆ ಬರಲೇಬೇಡಿ ಅಂತ ವಿದೇಶಿ ವಿದ್ಯಾರ್ಥಿಗಳಿಗೆ ನೇರವಾಗಿಯೇ ಹೇಳಿದವು.

58 ಅಂಕದ ಪ್ರಬಂಧ

ಇನ್ನು ಓದು. ಬ್ರಿಟನ್ನಿನಲ್ಲಿ ಮೊದಲ ಪ್ರಬಂಧ ವಾಪಸ್ ಬರುತ್ತದೆ, ಮೇಲೆ 58 ಅಂತ ಇರುತ್ತದೆ. ಯಾವತ್ತೂ 85ರ ಕೆಳಗೆ ಇಳಿಯದವರಿಗೆ ಎದೆ ಒಡೆಯುತ್ತದೆ. ಅಲ್ಲಿ ಮಾಸ್ಟರ್ಸ್‌ಗೆ 50 ಪಾಸು, 70 ಬಂದರೆ ಅತ್ಯುತ್ತಮ ದರ್ಜೆ, 80 ಅಪರೂಪ. 58 ಅಷ್ಟೇನೂ ಕೆಟ್ಟದ್ದಲ್ಲ. ಅಂಕಕ್ಕಿಂತ ಮುಖ್ಯವಾದದ್ದು ಕೆಳಗಿನ ಎರಡು ಸಾಲು. ವಿಷಯ ಚೆನ್ನಾಗಿ ವಿವರಿಸಿದ್ದೀರಿ, ಆದರೆ ನಿಮ್ಮ ವಾದ ಏನು? ಈ ಲೇಖಕರು ಹೇಳಿದ್ದನ್ನು ನೀವು ಯಾಕೆ ಒಪ್ಪುತ್ತೀರಿ? ಹದಿನೈದು ಲೇಖನ ಓದಿ, ಎಲ್ಲರೂ ಹೇಳಿದ್ದನ್ನು ನೀಟಾಗಿ ಜೋಡಿಸಿ ಕೊಟ್ಟವರಿಗೆ ಈ ಪ್ರಶ್ನೆ ಅರ್ಥವಾಗಲು ಒಂದು ಟರ್ಮ್ ಬೇಕಾಗುತ್ತದೆ. ಪ್ರೊಫೆಸರ್ ವಾರಕ್ಕೊಮ್ಮೆ ಭೇಟಿಗೆ ಅಂತಲೇ ಒಂದು ಗಂಟೆ ಇಟ್ಟಿರುತ್ತಾರೆ. ಹೋಗಿ ಕೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುವ ವಿಷಯ. ಹೆಚ್ಚಿನವರು ಹೋಗುವುದಿಲ್ಲ. ಸುಮ್ನೆ ತೊಂದರೆ ಕೊಟ್ಟ ಹಾಗಾಗುತ್ತದೆ ಅಂತ ಕೆಲವರು, ಆ ಹೊತ್ತಿಗೆ ಶಿಫ್ಟ್ ಇದೆ ಅಂತ ಕೆಲವರು. ನನ್ನ ಪ್ರಕಾರ ಅಷ್ಟು ಫೀಸು ಕೊಟ್ಟು ತೆಗೆದುಕೊಳ್ಳುವುದರಲ್ಲಿ ಅತ್ಯಂತ ಬೆಲೆಬಾಳುವುದು ಆ ಹತ್ತು ನಿಮಿಷ.

ಜರ್ಮನಿಯ ತೊಂದರೆ ಬೇರೆ. ಅನೇಕ ವಿಷಯಗಳಲ್ಲಿ ಪೂರ್ತಿ ಸೆಮಿಸ್ಟರಿಗೆ ಕೊನೆಯಲ್ಲಿ ಒಂದೇ ಪರೀಕ್ಷೆ. ನಡುವೆ ಯಾರೂ ಓದಿದೆಯಾ ಅಂತ ಕೇಳುವುದಿಲ್ಲ, ಹಾಜರಿಯನ್ನೂ ಎಷ್ಟೋ ಕಡೆ ತೆಗೆದುಕೊಳ್ಳುವುದಿಲ್ಲ. ಸ್ವಾತಂತ್ರ್ಯ ಅನ್ನಿಸುತ್ತದೆ. ಆದರೆ ಕಡ್ಡಾಯ ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರನೆಯದರಲ್ಲೂ ಫೇಲಾದರೆ ಆ ಕೋರ್ಸಿನಿಂದಲೇ ಹೊರಗೆ, ಅದೇ ಕೋರ್ಸನ್ನು ಜರ್ಮನಿಯ ಇನ್ನೊಂದು ಯೂನಿವರ್ಸಿಟಿಯಲ್ಲಿ ಓದುವುದಕ್ಕೂ ಆಗುವುದಿಲ್ಲ. ಅಲ್ಲಿ ಫೀಸು ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಈ ನಿಯಮ ಗೊತ್ತಿರುವವರು ಕಡಿಮೆ. ಫೀಸು ಇಲ್ಲ ಅನ್ನುವುದೂ ಈಗ ಪೂರ್ತಿ ನಿಜವಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ ಇಂಥವರಿಗೆ ಫೀಸು ಹಾಕಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ.

ಈಚೆಗೆ ಎಐ ಅನುಮಾನದ ಕಾಟವೂ ಸೇರಿದೆ. ಬರೆದದ್ದು ಮನುಷ್ಯರೋ ಯಂತ್ರವೋ ಅಂತ ಪತ್ತೆ ಮಾಡುವ ಸಾಫ್ಟ್‌ವೇರ್‌ಗಳನ್ನು ಯೂನಿವರ್ಸಿಟಿಗಳು ತಂದವು. 2023ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಇಂಥ ಏಳು ಸಾಫ್ಟ್‌ವೇರ್‌ಗಳಿಗೆ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಮನುಷ್ಯರೇ ಬರೆದದ್ದು, ಇಂಗ್ಲಿಷ್ ಮನೆಮಾತಲ್ಲದವರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರ ಬರೆದದ್ದು ಅಂತ ಬಂತು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಅದೇ ಸಾಫ್ಟ್‌ವೇರ್‌ಗಳು ಹೆಚ್ಚುಕಡಿಮೆ ತಪ್ಪೇ ಮಾಡಲಿಲ್ಲ. ಕಾರಣ ಸರಳ. ಕಲಿತ ಭಾಷೆಯಲ್ಲಿ ಬರೆಯುವವರ ಶಬ್ದಗಳು ಊಹಿಸಬಹುದಾದವು, ವಾಕ್ಯಗಳು ನೇರ, ಯಂತ್ರ ಬರೆದ ಹಾಗೇ ಕಾಣುತ್ತವೆ. ಅದೇ ವರ್ಷ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ತನ್ನಲ್ಲಿ ಇಂಥ ಪತ್ತೆ ಸೌಲಭ್ಯವನ್ನು ಆಫ್ ಮಾಡಿತು. ಎಲ್ಲರೂ ಮಾಡಿಲ್ಲ. ಹಾಗಾಗಿ ಪ್ರಬಂಧದ ಹಳೆಯ ಡ್ರಾಫ್ಟ್‌ಗಳು, ಟಿಪ್ಪಣಿಗಳು ಯಾವುದನ್ನೂ ಡಿಲೀಟ್ ಮಾಡಬಾರದು. ವಿಚಾರಣೆಗೆ ಕರೆದರೆ ಅಲ್ಲಿ ನಿಲ್ಲುವುದು ಅವೇ.

ಕೋರ್ಸ್ ಮುಗಿಯುವ ತಾರೀಖು

ಸೆಪ್ಟೆಂಬರ್‌ನಲ್ಲಿ ಕ್ಲಾಸ್ ಶುರು. ದೊಡ್ಡ ಕಂಪನಿಗಳು ಮುಂದಿನ ವರ್ಷದ ಹೊಸಬರಿಗೆ ಅರ್ಜಿ ಕರೆಯುವುದೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಒಂದು ವರ್ಷದ ಕೋರ್ಸಿಗೆ ಬಂದವರ ಹತ್ತಿರ ಆಗ ಒಂದು ಅಂಕವೂ ಇರುವುದಿಲ್ಲ, ಶಿಫಾರಸು ಬರೆಯುವಷ್ಟು ಪರಿಚಯವಿರುವ ಪ್ರೊಫೆಸರೂ ಇರುವುದಿಲ್ಲ. ಅದೇ ಎರಡು ವರ್ಷದ ಕೋರ್ಸಿನವರು ಈ ಸೀಸನ್‌ಗೆ ಎರಡನೇ ವರ್ಷದಲ್ಲಿ ಇಳಿಯುತ್ತಾರೆ, ಕೈಯಲ್ಲಿ ಒಂದು ಬೇಸಿಗೆಯ ಇಂಟರ್ನ್‌ಶಿಪ್ ಇಟ್ಟುಕೊಂಡು.

ಓದು ಮುಗಿದ ಮೇಲೂ ಗಡಿಯಾರ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಓದಿನ ನಂತರ ಕೆಲಸ ಮಾಡಲು ಬಿಡುವ ಒಪಿಟಿ ಅವಧಿ 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಆದರೆ ಮೊದಲ 12 ತಿಂಗಳಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಜರ್ಮನಿ ಡಿಗ್ರಿ ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತದೆ. ಬ್ರಿಟನ್ ತನ್ನ ಗ್ರಾಜುಯೇಟ್ ರೂಟ್ ಅನ್ನುವ ಓದಿನ ನಂತರದ ವೀಸಾದಲ್ಲಿ 2021ರಿಂದ ಎರಡು ವರ್ಷ ಕೊಡುತ್ತಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್‌ಡಿ ಬಿಟ್ಟು, ಅದು 18 ತಿಂಗಳು. ಕೋರ್ಸ್ ಮುಗಿದಿದೆ ಅಂತ ಯೂನಿವರ್ಸಿಟಿ ಸರ್ಕಾರಕ್ಕೆ ತಿಳಿಸಿದ ಮೇಲೆಯೇ ಈ ಅರ್ಜಿ ಹಾಕಲು ಆಗುವುದು. ಹಾಗಾಗಿ ರಿಸಲ್ಟ್ 2026ರ ಡಿಸೆಂಬರ್‌ನಲ್ಲಿ ಬರುತ್ತದೋ 2027ರ ಜನವರಿಯಲ್ಲೋ ಅನ್ನುವುದರ ಮೇಲೆ ಆರು ತಿಂಗಳು ನಿಂತಿದೆ. ಡಿಸರ್ಟೇಶನ್‌ಗೆ ಹೆಚ್ಚುವರಿ ಟೈಮು ಕೇಳುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಯಾವ ಕೋರ್ಸ್ ಅಂತ ನನ್ನನ್ನು ಕೇಳಿದರೆ, ರ‍್ಯಾಂಕಿಂಗ್‌ನಲ್ಲಿ ಐವತ್ತು ಸ್ಥಾನ ಕೆಳಗಿದ್ದರೂ ಎರಡು ವರ್ಷದ ಕೋರ್ಸನ್ನು, ಬಾಡಿಗೆ ಕಡಿಮೆ ಇರುವ ಸಣ್ಣ ಊರನ್ನು ಆರಿಸಿಕೊಳ್ಳಿ ಅನ್ನುತ್ತೇನೆ. ಎರಡು ವರ್ಷ ಅಂದರೆ ಖರ್ಚೂ ಎರಡು ವರ್ಷದ್ದು, ನಿಜ. ಅದು ಭರಿಸಲು ಆಗದವರು, ಆಗಲೇ ಕೆಲಸದ ಅನುಭವ ಇದ್ದು ಒಂದು ಡಿಗ್ರಿಯಷ್ಟೇ ಸಾಕಾಗಿರುವವರು ಒಂದು ವರ್ಷದ್ದನ್ನೇ ತೆಗೆದುಕೊಳ್ಳುವುದು ಸರಿ. ಆದರೆ ಓದಿನ ಜೊತೆ ಬೇರೆ ದೇಶದ ಬದುಕೂ ಸಿಗುತ್ತದೆ ಅಂತ ನಂಬಿಕೊಂಡು ಹೋಗಬಾರದು.

ಅಲ್ಲಿ ಓದುತ್ತಿರುವ ಯಾರಾದರೂ ಪರಿಚಯವಿದ್ದರೆ, ಯೂನಿವರ್ಸಿಟಿ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅದರ ಬದಲು, ಹೋದ ವಾರ ಸೋಮವಾರದಿಂದ ಭಾನುವಾರದವರೆಗೆ ಏನೇನು ಮಾಡಿದಿರಿ ಅಂತ ಕೇಳಿ. ರೂಮಿನಿಂದ ಕ್ಲಾಸಿಗೆ ಎಷ್ಟು ಹೊತ್ತು, ಶಿಫ್ಟ್ ಮುಗಿಸಿ ಎಷ್ಟು ಗಂಟೆಗೆ ಮನೆ ಸೇರಿದಿರಿ, ಅಸೈನ್‌ಮೆಂಟ್ ಯಾವಾಗ ಕೂತು ಬರೆದಿರಿ, ಸಂಜೆ ಯಾರ ಜೊತೆ ಊಟ ಮಾಡಿದಿರಿ ಅಂತ ವಿವರವಾಗಿ ಕೇಳಿ. ಅಡ್ಮಿಶನ್ ಆಫೀಸಿಗೂ ಒಂದು ಇಮೇಲ್ ಹಾಕಿ: ಹಿಂದಿನ ವರ್ಷದ ವಾರದ ಟೈಮ್‌ಟೇಬಲ್ ಕಳಿಸಿ, ಡಿಸರ್ಟೇಶನ್ ಕೊಡುವ ಕೊನೆಯ ದಿನ ಯಾವುದು ತಿಳಿಸಿ, ಕೋರ್ಸ್ ಮುಗಿದದ್ದನ್ನು ಯಾವ ತಿಂಗಳಲ್ಲಿ ಸರ್ಕಾರಕ್ಕೆ ವರದಿ ಮಾಡುತ್ತೀರಿ ಹೇಳಿ. ಉತ್ತರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬರುತ್ತದೆ. ಡೆಪಾಸಿಟ್ ಕಟ್ಟುವುದನ್ನು ಅಲ್ಲಿಯವರೆಗೆ ತಡೆದುಕೊಳ್ಳಬಹುದು.